ಹೊಸತೊಡಕಿನ ಮೀನು

"ಸೆರಗು ಕೊಡವು. ಪೂರ್ತಿ ಕೊಡವಮ್ಮ, ನಾಟಕ ಆಡ್ಬೇಡ."

ಈಶ್ವರಮ್ಮ ಸೆರಗು ಕೊಡವಿದಳು. ಅಂಟಿಕೊಂಡಿದ್ದ ಮೀನಿನ ಹುರುಪೆಗಳು ಸಂಜೆ ಬಿಸಿಲಿಗೆ ಮಿನುಗುತ್ತಾ ನೆಲಕ್ಕೆ ಬಿದ್ದವು. ಸೂಪರ್‌ವೈಸರ್ ದೀಪಕ್ ಕೈಯಲ್ಲಿದ್ದ ಪ್ಲಾಸ್ಟಿಕ್ ಪೈಪಿನ ತುದಿಯಿಂದ ಅವಳ ಸೊಂಟದ ಹತ್ತಿರ ಸೀರೆಯ ಗಂಟನ್ನು ಒತ್ತಿ ನೋಡಿದ. ಆಮೇಲೆ ಬೆನ್ನಿನ ಕಡೆ ಒತ್ತಿದ. ಅವನು ಹೆಂಗಸರನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಅದು ಮರ್ಯಾದೆಗೋ, ವಾಸನೆಗೋ, ಜಾತಿಗೋ ಎಂದು ಯಾರೂ ಕೇಳಿರಲಿಲ್ಲ.

"ಹೋಗು. ನೆಕ್ಸ್ಟ್."

ಹಿಂದೆ ನಿಂತಿದ್ದ ಸುಧಾಮಣಿ ಮುಂದೆ ಬಂದಳು. ಪೈಪು ಅವಳ ಮಡಿಲಿಗೆ ತಾಗಿದ ಕೂಡಲೇ ಬೆರಳುದ್ದದ ಒಂದು ಒಣಮೀನು ಜಾರಿ ಅವಳ ಪಾದದ ಮೇಲೆ ಬಿತ್ತು.

ದೀಪಕ್ ಮೀನನ್ನು ನೋಡಿದ. "ಥೂ, ಕಳ್ ಮುಂಡೆ! ನಾಯಿ ತಿನ್ನೋದಕ್ಕೂ ಕೈ ಹಾಕ್ತೀಯಲ್ಲೇ! ನಾಚ್ಕೆ ಆಗಲ್ವಾ?"

"ಗೊತ್ತಾಗ್ಲಿಲ್ಲ ಅಣ್ಣ. ಆರ್ಸ್ವಾಗ ಒಳಕ್ಕೆ ಬಿದ್ದೋಗದೆ."

"ಅದೇ ನಡ್ಕೊಂಡ್ ಬಂದು ನಿನ್ ಮಡ್ಲಲ್ಲಿ ಮಲ್ಗಿತ್ತಾ? ಎತ್ಕೋ. ಬಾಯಲ್ಲಿ ಎತ್ಕೋ."

ಸುಧಾಮಣಿ ಕದಲಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಗೇಟಿನ ಕಡೆ ನೋಡುತ್ತಾ ನಿಂತರು. ಬಸ್ಸಿಗೆ ಹೊತ್ತಾಗಿತ್ತು. ಕೊನೆಗೆ ಸುಧಾಮಣಿ ಮಂಡಿಯೂರಿ, ನೆಲಕ್ಕೆ ಬಾಗಿ, ಮೀನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎದ್ದಳು. ಹಾಗೆಯೇ ಒಳಗೆ ಹೋಗಿ ಅದನ್ನು ಚೀಲಕ್ಕೆ ಉಗಿದು ಬಂದಳು. ದೀಪಕ್ ಮೊಬೈಲ್ ನೋಡುತ್ತಿದ್ದ.

ಬಸ್ ಸ್ಟಾಪಿನಲ್ಲಿ ಈಶ್ವರಮ್ಮ ಅವಳಿಗೆ ನೀರಿನ ಬಾಟಲಿ ಕೊಟ್ಟಳು. ಸುಧಾಮಣಿ ಬಾಯಿ ಮುಕ್ಕಳಿಸಿ ಉಗಿದಳು.

*

ಶೆಡ್ಡು ತಲಘಟ್ಟಪುರದಲ್ಲಿ, ಒಂದು ಹೊಸ ಲೇಔಟಿನ ಬೆನ್ನಿಗಿತ್ತು. ಕರಾವಳಿಯಿಂದ ಲಾರಿಯಲ್ಲಿ ಒಣಮೀನಿನ ಚೀಲಗಳು ಬರುತ್ತಿದ್ದವು. ಹೆಂಗಸರು ಅದನ್ನು ನೆಲಕ್ಕೆ ಸುರಿದುಕೊಂಡು, ಬಲೆಯ ಚೂರು, ಗಾಳ, ಚಿಪ್ಪು, ಒಣಗಿದ ಹಾವು, ಪ್ಲಾಸ್ಟಿಕ್ ಕವರು ಎಲ್ಲ ಆರಿಸಿ ತೆಗೆಯಬೇಕು. ಉಳಿದದ್ದು ಮಿಷನ್ನಿಗೆ ಹೋಗಿ ಪುಡಿಯಾಗಿ, ನಾಯಿ ಬೆಕ್ಕುಗಳ ತಿನಿಸಾಗಿ ಪ್ಯಾಕೆಟ್ಟು ಸೇರುತ್ತಿತ್ತು. ಪ್ಯಾಕೆಟ್ಟಿನ ಮೇಲೆ ನೀಲಿ ಸಮುದ್ರದ ಚಿತ್ರ. ಆ ಹೆಂಗಸರಲ್ಲಿ ಒಬ್ಬರೂ ಸಮುದ್ರ ನೋಡಿದವರಲ್ಲ. ಅವರ ಪಾಲಿಗೆ ಸಮುದ್ರವೆಂದರೆ ಗೋಣಿಚೀಲದಲ್ಲಿ ಬರುವ ಸಾಮಾನು.

ಉಪ್ಪಿಗೂ ಮುಳ್ಳಿಗೂ ಈಶ್ವರಮ್ಮನ ಬೆರಳ ತುದಿಗಳು ಸತ್ತುಹೋಗಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು. ಗಂಡ ಮಾರಯ್ಯ ಬೈಯುತ್ತಿದ್ದ. ಅವನು ಗಾರೆ ಕೆಲಸಕ್ಕೆ ಹೋಗುತ್ತಿದ್ದವನು, ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಲ್ಲೇ ಇದ್ದ.

ಮೊದಮೊದಲು ಶೆಡ್ಡಿಗೆ ಬರುತ್ತಿದ್ದುದು ಗೇಣುದ್ದದ ಬೂತಾಯಿ ಮೀನು. ಎಣ್ಣೆ ಜಿನುಗುತ್ತಿತ್ತು. ಬರುಬರುತ್ತಾ ಮೀನು ಬೆರಳಿನಷ್ಟಾಯಿತು. ಆಮೇಲೆ ಉಗುರಿನಷ್ಟು. ಕಣ್ಣೊಂದು ಬಿಟ್ಟರೆ ಬೇರೆ ಮೈಯೇ ಇಲ್ಲದ ಮರಿಗಳು, ಯಾವ ಜಾತಿಯದೆಂದು ತಿಳಿಯದವು. ಅವುಗಳ ನಡುವೆ ಒದ್ದೆ ಕಾಗದ ಒಣಗಿದಂತೆ ಏನೋ ಅಂಟಿಕೊಂಡು ಬರುತ್ತಿತ್ತು. ಅದು ಲೋಳೆಮೀನು ಎಂದು ಲಾರಿ ಡ್ರೈವರ್ ಗೂಳಪ್ಪ ಹೇಳಿದ್ದ. ಕಿತ್ತರೆ ಕೈ ತುರಿಸುತ್ತಿತ್ತು.

ಇನ್ನೊಂದು ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು. ಊದಿದ ಹೊಟ್ಟೆ, ಇಲಿಯಂಥ ಹಲ್ಲು. ಹೆಂಗಸರು ಅದನ್ನು ಬಸುರಿಮೀನು ಎನ್ನುತ್ತಿದ್ದರು. ಅದು ಕಂಡರೆ ಕೆಂಪು ಬಕೆಟ್ಟಿಗೆ ಹಾಕಬೇಕೆಂದು ದೀಪಕ್ ಕಟ್ಟಪ್ಪಣೆ ಮಾಡಿದ್ದ. "ಒಂದ್ ಮಿಸ್ ಆದ್ರೂ ನಾಯಿ ಸಾಯತ್ತೆ. ಸತ್ರೆ ನಿಮ್ಮನ್ನ ಮಾರಿದ್ರೂ ಅದರ ಕ್ರಯ ಹುಟ್ಟಲ್ಲ."

ಚೀಲ ಇಳಿಸುವಾಗ ಗೂಳಪ್ಪ ಮಾತಿಗೆ ನಿಲ್ಲುತ್ತಿದ್ದ.

"ಯಾಕಣ್ಣ, ಬೂತಾಯಿ ಬರದೇ ಇಲ್ವಲ್ಲ?" ಎಂದು ಸುಧಾಮಣಿ ಒಮ್ಮೆ ಕೇಳಿದಳು.

"ಎಲ್ಲಿಂದ ತರ್ಲಿ? ನೀರು ಬಿಸಿಯಾಗದಂತೆ ಕಣಮ್ಮಿ. ಬೂತಾಯಿ ತಣ್ಣೀರು ಹುಡ್ಕೊಂಡು ಎಲ್ಲಿಗೋ ಹೋಯ್ತು ಅಂತಾರೆ. ಉಳ್ದಿದ್ದನ್ನ ದೊಡ್ಡ ಬೋಟ್ನೋರು ಲೈಟ್ ಬಿಟ್ಟು, ಮರಿ ಸಮೇತ ಬಾಚ್ಕಂಡ್ರು. ನಾಡದೋಣಿಯೋರು ದಡದಲ್ಲಿ ಕುಂತವ್ರೆ."

"ಮತ್ತೆ ಈ ಬಸುರಿಮೀನು ಮಾತ್ರ ರಾಶಿ ಬತ್ತದೆ?"

"ಇದನ್ನ ತಿನ್ನೋ ದೊಡ್ಡ ಮೀನಿದ್ವಂತೆ. ಅವನ್ನ ಹಿಡ್ದು ಹೋಟ್ಲಿಗೆ, ಫಾರಿನ್ನಿಗೆ ಕಳ್ಸಾಯ್ತು. ತಿನ್ನೋನಿಲ್ದೆ ಇದು ಹುಟ್ಕಂಡದೆ ಬೋಳಿಮಗಂದು. ಬಲೆ ಎಳುದ್ರೆ ಇದೇ ಬತ್ತದಂತೆ. ಬಲೇನೂ ಕಡ್ದು ಹಾಕ್ತದಂತೆ."

"ಏನ್ ಅಲ್ಲಿ ಹರಟೆ?" ಒಳಗಿನಿಂದ ದೀಪಕ್ ಕೂಗಿದ. ಮಾತು ಅಲ್ಲಿಗೆ ನಿಂತಿತು.

*

ಶಿವರಾತ್ರಿ ಕಳೆದ ಮೇಲೆ ಬೇರೆ ಥರದ ಮಾಲು ಬಂತು. ತಲೆಯಿಲ್ಲ, ಚರ್ಮವಿಲ್ಲ, ಸೀಳಿ ಉಪ್ಪು ಹಾಕಿ ಒಣಗಿಸಿದ ಬೆಳ್ಳನೆಯ ತುಂಡುಗಳು. ಆರಿಸುವ ಕೆಲಸವೇ ಇರಲಿಲ್ಲ. ಯಾವ ಮೀನು ಎಂದು ಕೇಳಿದ್ದಕ್ಕೆ ದೀಪಕ್ "ಸ್ಪೆಷಲ್" ಅಂದ. ಅದು ಪುಡಿಯಾಗದೆ ತುಂಡಾಗಿಯೇ ಚೀಲ ಸೇರಿ ಹೈದರಾಬಾದಿನ ಕಡೆಯ ಗಿರಾಕಿಗೆ ಹೋಯಿತು. ಕೆಲವು ದಿನಗಳಲ್ಲಿ, ಒಂದೆರಡು ಬಿಟ್ಟು, ಅದೇ ಚೀಲಗಳು ಅದೇ ದಾರ ಕಟ್ಟಿಕೊಂಡು ವಾಪಸ್ ಬಂದು ಶೆಡ್ಡಿನ ಮೂಲೆಯಲ್ಲಿ ಕುಳಿತವು.

ಯುಗಾದಿಯ ಹಿಂದಿನ ದಿನ ಓನರ್ ಗೌರೀಶಂಕರ ಕಾರಿನಲ್ಲಿ ಬಂದರು. ಶೆಡ್ಡಿನ ಹೊರಗೆ, ಗಾಳಿ ಬರುವ ಕಡೆ ಕರ್ಚೀಫು ಹಿಡಿದು ನಿಂತರು.

"ನೋಡ್ರಮ್ಮಾ, ನಮ್ಮ ಮನೇಲಿ ಇದನ್ನೆಲ್ಲ ಮುಟ್ಟೋದಿಲ್ಲ. ನಿಮಗೇ ಗೊತ್ತು. ಆದ್ರೆ ನಿಮ್ಮ ಹಬ್ಬ ನಿಮಗೆ. ನಾಡಿದ್ದು ನಿಮಗೆಲ್ಲ ಹೊಸತೊಡಕು ಅಲ್ವೇ? ಎಲ್ಲರೂ ಒಂದೊಂದು ಚೀಲ ತಗೊಂಡು ಹೋಗಿ. ಸಂತೋಷವಾಗಿ ಮಾಡ್ಕೊಂಡು ಊಟ ಮಾಡಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ದೀಪಕ್ ಬಿಳಿ ತುಂಡುಗಳನ್ನು ಪ್ಲಾಸ್ಟಿಕ್ ಕೈಚೀಲಗಳಿಗೆ ತುಂಬಿ ಹಂಚಿದ. ಕೊಡುವಾಗ ತಲೆಯೆತ್ತಲಿಲ್ಲ. ಆ ಸಂಜೆ ಯಾರ ಸೆರಗನ್ನೂ ಕೊಡವಿಸಲಿಲ್ಲ.

"ಥ್ಯಾಂಕ್ಸ್ ಹೇಳ್ರಮ್ಮಾ ಸಾರ್‌ಗೆ," ಎಂದ.

ಹೇಳಿದರು. ಈಶ್ವರಮ್ಮನೂ ಕೈ ಮುಗಿದಳು.

*

ಹೊಸತೊಡಕಿನ ದಿನ ಕಾಲೋನಿಯ ಎಲ್ಲ ಮನೆಗಳಲ್ಲೂ ಮಟನ್ನಿನ ಘಮ. ಈಶ್ವರಮ್ಮ ಮೀನನ್ನು ಬಿಸಿನೀರಿನಲ್ಲಿ ನೆನೆಹಾಕಿ, ಉಪ್ಪು ಹೋಗುವಷ್ಟು ತೊಳೆದು, ಬದನೆಕಾಯಿ ಹಾಕಿ, ಹುಣಸೆಹುಳಿ ಬಿಟ್ಟು ಸಾರು ಮಾಡಿದಳು. ಮಾರಯ್ಯ ಗೋಡೆಗೆ ಒರಗಿ ಕುಳಿತು ಎರಡು ಸಲ ಹಾಕಿಸಿಕೊಂಡ.

"ಇಂಥ ಮೀನು ತಿಂದು ಎಷ್ಟು ಕಾಲ ಆಯ್ತಮ್ಮಿ! ಮುಳ್ಳೇ ಇಲ್ಲ ನೋಡು. ಮಟನ್ ಯಾವನಿಗ್ ಬೇಕು?"

ಅವಳು ಸಾರಿನಲ್ಲಿ ಮುದ್ದೆ ನುಂಗಿ, ಒಂದು ಚೂರು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಅವನ ತಟ್ಟೆಗೇ ಸುರಿದಳು.

ಅವನು ಕೈ ತೊಳೆಯುವಾಗ ನಕ್ಕ. "ತುಟಿ ಜೋಮು ಹಿಡ್ದಂಗಾಗದೆ ಕಣಮ್ಮಿ. ಎಷ್ಟು ಖಾರ ಹಾಕಿದ್ದೀಯೆ?"

ಅವಳ ನಾಲಿಗೆಯೂ ಚುಮುಗುಟ್ಟುತ್ತಿತ್ತು. ಖಾರವೇ ಇರಬೇಕು ಅಂದುಕೊಂಡಳು. ಪಾತ್ರೆ ತೊಳೆದು ಒಳಗೆ ಬಂದಾಗ ಮಾರಯ್ಯ ಲೋಟ ಎತ್ತಲು ನೋಡುತ್ತಿದ್ದ. ಬೆರಳು ಮಡಚಲಿಲ್ಲ. ಲೋಟ ಉರುಳಿತು. ವಾಂತಿ ಮಾಡಿಕೊಂಡ. "ಕಾಲು ಎಲ್ಲೋ ಹೋಯ್ತು," ಎಂದ. ಮಾತು ಕುಡಿದವನಂತೆ ತೊದಲಿತು. ಆಮೇಲೆ ಮಾತೂ ಬರಲಿಲ್ಲ.

ಪಕ್ಕದ ಮನೆಯವನ ಆಟೋದಲ್ಲಿ ಕನಕಪುರ ರಸ್ತೆಯ ಒಂದು ನರ್ಸಿಂಗ್ ಹೋಮಿಗೆ ಒಯ್ದರು. ಚಿಕ್ಕ ವಯಸ್ಸಿನ ಡಾಕ್ಟರು ಟಾರ್ಚು ಬಿಟ್ಟು ಕಣ್ಣು ನೋಡಿದರು.

"ಏನ್ ತಿಂದ್ರು?"

"ಮೀನು ಸಾ. ಒಣಮೀನು."

"ಯಾವ ಮೀನು?"

"ಓನರ್ ಕೊಟ್ಟಿದ್ದು ಸಾ."

ಡಾಕ್ಟರು ಅವನ ಮೂಗಿನ ಹತ್ತಿರ ಕೈ ಹಿಡಿದು ನೋಡಿದರು. "ಉಸಿರಾಟ ನಿಲ್ತಾ ಇದೆ. ಮಿಷನ್ ಹಾಕ್ಬೇಕು, ನಮ್ಮಲ್ಲಿ ಇಲ್ಲ. ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ. ಆಂಬ್ಯುಲೆನ್ಸ್ ಕಾಯ್ಬೇಡಿ."

ಆಟೋದಲ್ಲಿ ಅವನ ತಲೆ ಅವಳ ತೊಡೆಯ ಮೇಲಿತ್ತು. ಅವಳು ಸುಧಾಮಣಿಗೆ ಫೋನ್ ಮಾಡಿದಳು. "ಮೀನ ತಿನ್ಬೇಡ್ರೇ. ಎಲ್ರಿಗೂ ಹೇಳು. ಯಾರೂ ತಿನ್ಬೇಡ್ರಿ." ಆಮೇಲೆ ಗಂಡನ ಕಡೆ ನೋಡಿದಳು. ಕಣ್ಣು ತೆರೆದೇ ಇತ್ತು, ಆಟೋದ ಟಾಪಿನಲ್ಲಿ ನೆಟ್ಟಿತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಹಬ್ಬದ ಟ್ರಾಫಿಕ್ಕು ಕಟ್ಟಿ ನಿಂತಿತ್ತು.

"ಇವ್ನಿಗೆ ಏನೂ ಗೊತ್ತಾಗ್ತಿಲ್ಲ ಅನ್ಸುತ್ತಣ್ಣ," ಎಂದಳು ಆಟೋದವನಿಗೆ. "ಸತ್ತೇ ಹೋದ್ನೇನೋ. ಸತ್ತೋದ್ರೆ ನಾನು ಏನ್ ಮಾಡ್ಲಿ, ಯಾರಿಗ್ ಹೇಳ್ಲಿ?"

ಮಾರಯ್ಯನ ಕಣ್ಣಿನ ಮೂಲೆಯಿಂದ ನೀರು ಇಳಿದು ಅವಳ ಸೀರೆಗೆ ತಾಗಿತು. ಬನಶಂಕರಿ ದಾಟುವಷ್ಟರಲ್ಲಿ ಅದೂ ನಿಂತಿತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು. "ಊದೋ ಮೀನಿನ ವಿಷ ಥರ ಕಾಣತ್ತಮ್ಮಾ. ಪೋಸ್ಟ್‌ಮಾರ್ಟಮ್ ಆಗ್ಲಿ. ಒಣಗ್ಸಿದ್ರೂ, ಬೇಯ್ಸಿದ್ರೂ ಅದು ಹೋಗಲ್ಲ. ಮೈ ಎಲ್ಲ ಸತ್ತೋಗತ್ತೆ, ಎಚ್ಚರ ಮಾತ್ರ ಇರತ್ತೆ."

"ನಾನು ಮಾತಾಡಿದ್ದು ಕೇಳುಸ್ತಿತ್ತಾ?"

"ಕೇಳುಸ್ತಿತ್ತು ಅಂತ ಕಾಣತ್ತೆ."

ಈಶ್ವರಮ್ಮ ತಲೆಯಾಡಿಸಿದಳು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಅಳು ಬರಲಿಲ್ಲ. ಅವಳ ನಾಲಿಗೆ ಇನ್ನೂ ಚುಮುಗುಟ್ಟುತ್ತಿತ್ತು.

*

ಮಣ್ಣು ಮಾಡಿದ ಮಾರನೆಯ ದಿನ ಸುಧಾಮಣಿಯ ಜೊತೆ ಸ್ಟೇಷನ್ನಿಗೆ ಹೋದಳು. ಮನೆಯಲ್ಲಿ ಉಳಿದಿದ್ದ ಮೀನಿನ ಚೀಲವನ್ನೂ ತೆಗೆದುಕೊಂಡು ಹೋಗಿದ್ದಳು. ಸಬ್ ಇನ್‌ಸ್ಪೆಕ್ಟರು ಮೂಗು ಮುಚ್ಚಿಕೊಂಡರು.

"ಆ ಗಲೀಜನ್ನ ಫಸ್ಟ್ ಆಚೆ ಇಡು."

"ಇದೇ ಸಾ ಅವ್ರು ಕೊಟ್ಟಿದ್ದು."

"ಯಾರ್ ಕೊಟ್ಟಿದ್ದು? ನಿಮ್ ಓನರ್ ನಿನ್ನೇನೇ ಬಂದು ಕಂಪ್ಲೇಂಟ್ ಕೊಟ್ಟವ್ರೆ. ಬಿಸಾಕೋಕೆ ಇಟ್ಟಿದ್ದ ಮಾಲನ್ನ ಲೇಬರ್ಸ್ ಕದ್ದು ತಗೊಂಡ್ ಹೋಗಿದ್ದಾರೆ ಅಂತ."

"ಕದ್ದಿಲ್ಲ ಸಾ!" ಸುಧಾಮಣಿಯ ದನಿ ಏರಿತು. "ಅವ್ರೇ ಬಂದು, ನಿಂತ್ಕಂಡು ಹಂಚುದ್ರು. ನಾವು ಹೆಂಗ್ ಕದಿಯದು? ದಿನಾ ಸೀರೆ ಬಿಚ್ಚಿ ನೋಡ್ತಾರೆ ಆ ಸೂಳೆಮಕ್ಳು!"

"ಬಾಯ್ ಮುಚ್ಚು. ಸ್ಟೇಷನ್ ಇದು. ದಿನಾ ಚೆಕ್ ಮಾಡ್ತಾರೆ ಅಂದ್ರೆ ದಿನಾ ಕದೀತೀರಾ ಅಂತ ತಾನೆ?" ಸಬ್ ಇನ್‌ಸ್ಪೆಕ್ಟರು ಈಶ್ವರಮ್ಮನ ಕಡೆ ತಿರುಗಿದರು. "ಅಡುಗೆ ಮಾಡಿದ್ದು ಯಾರು?"

"ನಾನು ಸಾ."

"ಬಡಿಸಿದ್ದು?"

"ನಾನೇ."

"ನೀನು ತಿನ್ಲಿಲ್ವಾ?"

"ಒಂದ್ ಚೂರು ತಿಂದೆ."

"ಗಂಡನಿಗೆ ತಟ್ಟೆ ತುಂಬ, ನಿನಗೆ ಒಂದ್ ಚೂರು. ಕೇಸ್ ಬರೀಬೇಕು ಅಂದ್ರೆ ನಾನು ಯಾರ ಮೇಲೆ ಬರೀಲಿ ಹೇಳು?" ಅವರು ಪೆನ್ನು ಕೆಳಗಿಟ್ಟರು. "ಹೋಗಮ್ಮಾ. ಪೋಸ್ಟ್‌ಮಾರ್ಟಮ್ ರಿಪೋರ್ಟ್ ಬರೋಕೆ ಎಷ್ಟು ದಿನಾನೋ. ಕಾರ್ಯ ಗೀರ್ಯ ಮುಗಿಸ್ಕೋ. ಆ ಚೀಲ ಎತ್ಕೊಂಡ್ ಹೋಗು, ಇಲ್ಲಿ ಬಿಟ್ಟೀಯ."

ಮೆಟ್ಟಿಲಿಳಿಯುವಾಗ ಸುಧಾಮಣಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಈಶ್ವರಮ್ಮ ಚೀಲದ ಬಾಯಿಯನ್ನು ಮತ್ತೆ ಬಿಗಿಯಾಗಿ ಕಟ್ಟಿದಳು.

*

ಸಾವಿನ ಮನೆಗೆ ಗೂಳಪ್ಪ ಬಂದ. ಒಳಗೆ ಕೂರಲಿಲ್ಲ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಆ ಮಾಲು ವಾಪಸ್ ತಂದೋನು ನಾನೇ ಕಣಕ್ಕ."

ಈಶ್ವರಮ್ಮ ಅವನನ್ನು ನೋಡಿದಳು.

"ಅದು ಬಸುರಿಮೀನೇ. ಬೇರೇನೂ ಸಿಗದೆ, ಅದ್ನೇ ತಲೆ ಕುಯ್ದು ಚರ್ಮ ಸುಲ್ದು ಕಳ್ಸವ್ರೆ. ಅಲ್ಲಿ ಸುಲ್ದಿರೋ ಹೆಂಗಸ್ರಿಗೂ ಏನೂ ಹೇಳಿಲ್ಲ. ಅಲ್ಲೆಲ್ಲೋ ನಾಯಿಗೋಳು ತಿಂದು ಸತ್ವಂತೆ. ಗಿರಾಕಿ ಬೈದು ವಾಪಸ್ ಕಳ್ಸಿದ. ಚೀಲ ಇಳ್ಸ್ವಾಗ ಓನರ್ ಎದ್ರಿಗೇ ಹೇಳ್ದೆ, ಸಾ, ಇದನ್ನ ಗುಂಡಿ ತೋಡಿ ಹೂಳ್ಸಿ ಅಂತ. ಅದಕ್ಕೂ ದುಡ್ಡು ಸುರೀಬೇಕಾ ಅಂತ ಗೊಣಗಿ, ಆಯ್ತು ನೋಡ್ತೀನಿ ಅಂದ. ನಿಮ್ಗೆ ಹಂಚ್ತಾನೆ ಅಂತ ನಂಗೇನ್ ಗೊತ್ತು?"

"ಸ್ಟೇಷನ್ನಲ್ಲಿ ಬಂದು ಹೇಳ್ತೀಯಾ?"

ಗೂಳಪ್ಪ ನೆಲ ನೋಡಿದ. "ಲಾರಿ ಅವನದು ಕಣಕ್ಕ," ಎಂದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಅವನು ಹೋದ ಮೇಲೆ ದೀಪಕ್ ಫೋನ್ ಮಾಡಿದ. ದನಿ ಮೆತ್ತಗಿತ್ತು. ಕೆಲಸಕ್ಕೆ ಯಾವಾಗ ಬರ್ತೀರ ಅಕ್ಕ, ಲೋಡು ಬಂದು ಬಿದ್ದಿದೆ, ಸಾರ್ ಏನೂ ಬೇಜಾರು ಮಾಡ್ಕೊಂಡಿಲ್ಲ, ಕಂಪ್ಲೇಂಟನ್ನೂ ಮುಂದುವರಿಸಲ್ಲ ಅಂದಿದ್ದಾರೆ ಎಂದ.

"ಬೇಜಾರು ಮಾಡ್ಕಂಡಿಲ್ವಂತಾ?" ಎಂದು ಈಶ್ವರಮ್ಮ ಕೇಳಿದಳು.

"ಇಲ್ಲಕ್ಕ."

ಅವಳು ಫೋನ್ ಇಟ್ಟಳು. ಆ ಸಂಜೆ ಸುಧಾಮಣಿಯ ಮನೆಗೆ ಹೋದಳು. ಅಲ್ಲಿ ಶೆಡ್ಡಿನ ಇನ್ನೂ ಕೆಲವು ಹೆಂಗಸರು ಕುಳಿತಿದ್ದರು. ಇಬ್ಬರು ಹಬ್ಬದ ದಿನ ಸ್ವಲ್ಪ ತಿಂದು ವಾಂತಿ ಮಾಡಿ ಬದುಕಿಕೊಂಡವರು. ಉಳಿದವರ ಚೀಲ ಹಾಗೇ ಇತ್ತು. ಹೂಳುವುದಕ್ಕೂ ಕಸದ ಗಾಡಿಗೆ ಹಾಕುವುದಕ್ಕೂ ಹೆದರಿ ಸಜ್ಜೆಯ ಮೇಲೆ, ಮಂಚದ ಕೆಳಗೆ ಇಟ್ಟುಕೊಂಡಿದ್ದರು.

"ಓನರ್ ನಾವೇ ಕದ್ದೀವಿ ಅಂತ ಬರ್ಕೊಟ್ಟವ್ನೆ," ಎಂದಳು ಈಶ್ವರಮ್ಮ. "ಕದ್ದಿದ್ರೆ ವಾಪಸ್ ಕೊಡಣ. ನಡೀರಿ."

"ಶೆಡ್ಡಿಗಾ?"

"ಅವನ ಮನೇಗೆ."

ಮನೆ ಅವರಿಗೆಲ್ಲ ಗೊತ್ತಿತ್ತು. ಆಯುಧಪೂಜೆಗೆ ಮುಂಚೆ ಪ್ರತಿವರ್ಷ ಅವರನ್ನೇ ಕರೆಸಿ ಕಾಂಪೌಂಡು ತೊಳೆಸುತ್ತಿದ್ದರು. ಒಳಗಿನ ಬಾಗಿಲು ದಾಟಿದವರು ಯಾರೂ ಇರಲಿಲ್ಲ.

*

ಭಾನುವಾರ ಬೆಳಿಗ್ಗೆ ಅವರು ಬನಶಂಕರಿಯ ಬಸ್ಸು ಹತ್ತಿದರು. ಕಂಡಕ್ಟರು ಫ್ರೀ ಟಿಕೆಟ್ಟು ಹರಿಯುತ್ತಾ ಮುಖ ಸಿಂಡರಿಸಿದ. "ಏನ್ರಮ್ಮಾ ಇದು, ಬಸ್ಸೆಲ್ಲಾ ನಾತ. ಹಿಂದೆ ಹೋಗಿ ನಿಂತ್ಕೊಳ್ಳಿ." ಹೋಗಿ ನಿಂತರು. ಅಲ್ಲಿಂದ ಜಯನಗರಕ್ಕೆ ನಡೆದರು. ರಸ್ತೆಯಲ್ಲಿ ಹೊಂಗೆಮರದ ನೆರಳು, ನೀರು ಚಿಮುಕಿಸಿ ಬಿಟ್ಟ ರಂಗೋಲಿ, ಯಾರದೋ ಮನೆಯ ರೇಡಿಯೋ.

ಗೌರೀಶಂಕರರ ಮನೆಯ ಗೇಟು ತೆರೆದಿತ್ತು. ಅವರು ಪೋರ್ಟಿಕೋದ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಹೆಂಗಸರು ಒಬ್ಬರ ಹಿಂದೆ ಒಬ್ಬರು ಒಳಗೆ ಬಂದು ಗ್ರಾನೈಟ್ ನೆಲದ ಮೇಲೆ ಚೀಲ ಇಡತೊಡಗಿದರು.

"ಏಯ್, ಏಯ್! ಏನಿದು? ಯಾರು ನಿಮ್ಮನ್ನ ಒಳಗೆ ಬಿಟ್ಟಿದ್ದು?"

"ಕದ್ದ ಮಾಲು ಸಾ," ಎಂದಳು ಈಶ್ವರಮ್ಮ. "ವಾಪಸ್ ಕೊಟ್ಟೋಗಣ ಅಂತ ಬಂದ್ವಿ."

"ಏನ್ ತಲೆ ಕೆಟ್ಟಿದೆಯಾ ನಿಂಗೆ? ನಿನ್ನ ಗಂಡ ಹೋದ, ಪಾಪ ಅಂತ ಸುಮ್ನಿದೀನಿ. ಪೊಲೀಸಿಗೆ ಫೋನ್ ಮಾಡ್ತೀನಿ ಈಗ."

"ಮಾಡಿ ಸಾ. ಸ್ಟೇಷನ್ನಲ್ಲಿ ಇದನ್ನ ತಗಳ್ಳಿಲ್ಲ. ನಿಮ್ ಮಾಲು ನೀವೇ ಮಡೀಕಳಿ."

ಅವಳು ತನ್ನ ಚೀಲದ ಗಂಟು ಬಿಚ್ಚಿ ನೆಲಕ್ಕೆ ಸುರಿದಳು. ಸುಧಾಮಣಿಯೂ ಸುರಿದಳು. ಬಿಳಿ ತುಂಡುಗಳ ರಾಶಿ ಬೆಳೆಯಿತು. ಎದುರು ಮನೆಯ ಭಾರ್ಗವ, ವಾಕಿಂಗ್ ಮುಗಿಸಿ ಬಂದವರು, ಗೇಟಿನ ಬಳಿ ನಿಂತರು. ಮೇಲಿನ ಮನೆಯ ಬಾಲ್ಕನಿಯಲ್ಲಿ ತಲೆಗಳು ಕಂಡವು.

"ಏನ್ರೀ ಅದು ಗಲಾಟೆ? ಥೂ, ಎಂಥ ವಾಸನೆ!" ಎನ್ನುತ್ತಾ ಗೌರೀಶಂಕರರ ಹೆಂಡತಿ ವಿಮಲಾ ಒಳಗಿನಿಂದ ಜಾಲರಿ ಬಾಗಿಲು ತೆರೆದರು.

ಅವರ ಕಾಲಿನ ಪಕ್ಕದಿಂದ ನಾಯಿ ನುಗ್ಗಿತು. ಕಂದು ಬಣ್ಣದ, ಮೈತುಂಬಿದ ದೊಡ್ಡ ನಾಯಿ. ಮೂಗು ನೆಲಕ್ಕೆ ಹಾಕಿ ನೇರ ಮೀನಿನ ರಾಶಿಗೆ ಬಂತು.

"ಕೋಕೋ! ನೋ! ಕೋಕೋ!" ಗೌರೀಶಂಕರರ ದನಿ ಕೀರಲಾಯಿತು. ಕುರ್ಚಿ ಹಿಂದಕ್ಕೆ ಬಿತ್ತು. ಅವರಿಗೂ ನಾಯಿಗೂ ನಡುವೆ ಹೆಂಗಸರು ನಿಂತಿದ್ದರು. ಯಾರೂ ಸರಿಯಲಿಲ್ಲ. "ಹಿಡೀರಿ ಅದನ್ನ! ಯಾರಾದ್ರೂ ಹಿಡೀರಿ!"

ಈಶ್ವರಮ್ಮ ಬಗ್ಗಿ ನಾಯಿಯ ಕತ್ತಿನ ಪಟ್ಟಿ ಹಿಡಿದಳು. ಅದರ ಮೂತಿ ರಾಶಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ನಾಯಿ ಕುಂಯ್ಗುಡುತ್ತಾ ಎಳೆಯಿತು, ಉಗುರುಗಳು ಗ್ರಾನೈಟಿನ ಮೇಲೆ ಕರ್ರೆಂದು ಜಾರಿದವು.

"ಬಿಡ್ಬೇಡ! ಬಿಡ್ಬೇಡಮ್ಮಾ, ದಯವಿಟ್ಟು ಬಿಡ್ಬೇಡ!"

"ಯಾಕ್ ಸಾ?" ಎಂದಳು ಈಶ್ವರಮ್ಮ. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ತಿಂದ್ರೆ ಏನಾಯ್ತದೆ?"

ಗೌರೀಶಂಕರರು ಬಾಯಿ ತೆರೆದರು. ಭಾರ್ಗವರ ಕಡೆ ನೋಡಿದರು. ಬಾಲ್ಕನಿಯ ಕಡೆ ನೋಡಿದರು.

"ಏನ್ರೀ ಅದು, ಅಂಥಾದ್ದೇನಿದೆ ಅದರಲ್ಲಿ?" ಭಾರ್ಗವ ಗೇಟಿನಿಂದಲೇ ಕೇಳಿದರು.

"ಏನೂ ಇಲ್ಲ... ಹಳೇ ಮೀನು... ನೀನು ಅದನ್ನ ಈ ಕಡೆ ಎಳಿಯಮ್ಮಾ ಮೊದ್ಲು..."

"ಏನೂ ಇಲ್ವಾ ಸಾ?"

ನಾಯಿ ನಾಲಿಗೆ ಚಾಚಿತು.

"ಎಲ್ರಿಗೂ ಕೇಳ್ಸಂಗೆ ಹೇಳಿ ಸಾ," ಎಂದಳು ಈಶ್ವರಮ್ಮ. ಪಟ್ಟಿಯ ಮೇಲಿದ್ದ ಒಂದು ಬೆರಳನ್ನು ಸಡಿಲ ಮಾಡಿದಳು.